ಸ್ಲಾಟ್ ಒಂದೇ, ಇಸವಿ ಬೇರೆ

1
ಕಂಪ್ಯೂಟರ್ 2012ರದು. ಗ್ರಾಫಿಕ್ಸ್ ಕಾರ್ಡ್ 2024ರಲ್ಲಿ ಮಾರುಕಟ್ಟೆಗೆ ಬಂದದ್ದು. ಎರಡೂ ಕೆಟ್ಟಿಲ್ಲ. ಕಾರ್ಡ್ ಸ್ಲಾಟಿನಲ್ಲಿ ಕೂತಿದೆ, ಫ್ಯಾನ್ ತಿರುಗುತ್ತಿದೆ, ಡಿಸ್ಪ್ಲೇ ಬರುತ್ತಿಲ್ಲ.

2
ಜಾಗ: ಬೆಂಗಳೂರಿನ ಕುಂದಲಹಳ್ಳಿ ಗೇಟಿನಿಂದ ಒಳಗೆ, ಎಇಸಿಎಸ್ ಲೇಔಟ್ ಕಡೆಯ ಅಡ್ಡರಸ್ತೆಯಲ್ಲಿ ಒಂದು ಶಟರಿನ ರಿಪೇರಿ ಅಂಗಡಿ. ಪಕ್ಕದಲ್ಲಿ ಪಿಜಿ, ಮೇಲೆ ಪಿಜಿ, ಎದುರಿಗೂ ಪಿಜಿ. ಅಂಗಡಿಯ ಬೋರ್ಡಿನ ಮೇಲೆ ಲ್ಯಾಪ್‌ಟಾಪ್, ಪ್ರಿಂಟರ್, ಸಿಸಿಟಿವಿ ಎಂದು ಬರೆದಿದೆ. ಡೆಸ್ಕ್‌ಟಾಪ್ ಎಂದು ಎಲ್ಲೂ ಬರೆದಿಲ್ಲ. ಒಳಗೆ ನೆಲದ ಮೇಲೆ ಸಾಲಾಗಿ ಇಟ್ಟಿರುವುದೆಲ್ಲ ಡೆಸ್ಕ್‌ಟಾಪ್.

3
ಕಂಪ್ಯೂಟರ್ ತಂದ ಹುಡುಗ ಸಿಂಧನೂರು ಕಡೆಯವನು. ಅನಿಮೇಷನ್ ಕಲಿಯುತ್ತಿದ್ದಾನೆ. ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ಕೆಲಸ. ರಾತ್ರಿ ರೆಂಡರ್ ಹಚ್ಚಿ ಮಲಗುತ್ತಾನೆ. ಬೆಳಿಗ್ಗೆ ಎದ್ದು ನೋಡಿದರೆ ಕೆಲವೇ ಫ್ರೇಮ್ ಆಗಿರುತ್ತವೆ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್ ಬೇಕು.

4
2012ರಲ್ಲೇ ಕರ್ನಾಟಕ ಸರ್ಕಾರ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗೆ ಒಂದು ನೀತಿ ತಂದಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು.

5
ಕ್ಯಾಬಿನೆಟ್ಟಿನ ಪಕ್ಕದಲ್ಲಿ ಒಂದು ಕಂಪನಿಯ ಆಸ್ತಿ ಸ್ಟಿಕ್ಕರ್. ಹೆಸರನ್ನು ಉಗುರಿನಿಂದ ಕೆರೆದು ತೆಗೆದಿದ್ದಾರೆ. ಬಾರ್‌ಕೋಡ್ ಹಾಗೇ ಇದೆ. ಐಟಿ ಕಂಪನಿಗಳು ಮೂರು ವರ್ಷಕ್ಕೋ ಐದು ವರ್ಷಕ್ಕೋ ಯಂತ್ರಗಳನ್ನು ಒಟ್ಟಿಗೆ ಬದಲಾಯಿಸುತ್ತವೆ. ಹೊರಗೆ ಬಂದವನ್ನು ಒರೆಸಿ, ಹೊಸ ಎಸ್‌ಎಸ್‌ಡಿ ಹಾಕಿ, ರಿಫರ್ಬಿಶ್ಡ್ ಎಂದು ಮಾರುತ್ತಾರೆ. ಆಫೀಸಿನಲ್ಲಿ ಇದು ಎಕ್ಸೆಲ್ ಓಡಿಸುತ್ತಿತ್ತೋ ಕೋಡ್ ಬರೆಯುತ್ತಿತ್ತೋ, ಬಾರ್‌ಕೋಡ್ ನೋಡಿದರೆ ತಿಳಿಯುವುದಿಲ್ಲ.

6
ಕಾರ್ಡಿನ ಬೆಲೆ ಇಡೀ ಕಂಪ್ಯೂಟರಿನ ಬೆಲೆಗಿಂತ ಹೆಚ್ಚು. ಅದರಲ್ಲಿ ಜಿಎಸ್‌ಟಿ ಶೇಕಡಾ 18.

7
"ಅಣ್ಣಾ, ಎಲ್ಲಾ ಹಚ್ಚೀನಿ, ಡಿಸ್ಪ್ಲೇನ ಬರವಲ್ದು."
"ಕೇಬಲ್ ಎಲ್ಲಿಗ್ ಹಾಕಿದೀಯಪ್ಪಾ?"
ಹಿಂದೆ ತಿರುಗಿಸಿ ನೋಡಿದರು. ಕೇಬಲ್ ಮದರ್‌ಬೋರ್ಡಿನ ನೀಲಿ ವಿಜಿಎ ಪೋರ್ಟಿನಲ್ಲಿತ್ತು. ಕಾರ್ಡ್ ಕಂಡ ಕೂಡಲೇ ಇಂಥ ಆಫೀಸ್ ಯಂತ್ರಗಳು ತಮ್ಮದೇ ಡಿಸ್ಪ್ಲೇಯನ್ನು ಆಫ್ ಮಾಡಿಬಿಡುತ್ತವೆ. ನೀಲಿ ಪೋರ್ಟ್ ಅಲ್ಲೇ ಇರುತ್ತದೆ, ಸ್ಕ್ರೂ ಬಿಗಿಯಾಗಿಯೇ ಇರುತ್ತದೆ, ಸಿಗ್ನಲ್ ಮಾತ್ರ ಇರುವುದಿಲ್ಲ.

8
ಮಾನಿಟರ್ ಇನ್ನೂ ಹಳೆಯದು. ಅದಕ್ಕೆ ಇರುವುದು ವಿಜಿಎ ಒಂದೇ. ಕಾರ್ಡಿನಲ್ಲಿ ಎಚ್‌ಡಿಎಂಐ ಮತ್ತು ಡಿಸ್ಪ್ಲೇ ಪೋರ್ಟ್. ವಿಜಿಎ 1987ರಲ್ಲಿ ಐಬಿಎಂನ ಪಿಎಸ್/2 ಯಂತ್ರಗಳ ಜೊತೆ ಬಂತು. ಎನ್‌ವಿಡಿಯಾ 2016ರ ಕಾರ್ಡುಗಳಿಂದ ಅನಲಾಗ್ ಸಿಗ್ನಲ್ ಕೊಡುವುದನ್ನು ನಿಲ್ಲಿಸಿತು. ನಡುವೆ ಹಾಕುವ ಕನ್ವರ್ಟರ್ ಹೆಬ್ಬೆರಳಿನಷ್ಟು ಇದೆ. ಬರೀ ತಂತಿಯಲ್ಲ, ಒಳಗೆ ಒಂದು ಚಿಪ್ ಇದೆ. ಎಚ್‌ಡಿಎಂಐನ ಒಂದು ಪಿನ್ನಿನಲ್ಲಿ 5 ವೋಲ್ಟ್ ಬರುತ್ತದೆ. ಆ ಚಿಪ್ಪಿಗೆ ಅದೇ ಕರೆಂಟ್. ಸ್ವಲ್ಪ ಹೊತ್ತಿನ ಮೇಲೆ ಮುಟ್ಟಿದರೆ ಕನ್ವರ್ಟರ್ ಬೆಚ್ಚಗಿತ್ತು. ಡಿಸ್ಪ್ಲೇ ಆಗಲೂ ಬಂದಿರಲಿಲ್ಲ.

9
ಸ್ಲಾಟನ್ನು ಟಾರ್ಚ್ ಹಿಡಿದು ನೋಡಿದೆ. ಕಪ್ಪು ಪ್ಲಾಸ್ಟಿಕ್, ಒಳಗೆ ಎರಡು ಸಾಲು ಲೋಹದ ಎಸಳು, ಒಂದೊಂದು ಸಾಲಿನಲ್ಲಿ 82. ಒಂದು ತುದಿಯ ಹತ್ತಿರ ಅಡ್ಡಗೋಡೆ. ಗೋಡೆಯ ಈಚೆಗಿನ ಗಿಡ್ಡ ಭಾಗದಲ್ಲಿ ಸಾಲಿಗೆ 11 ಎಸಳು. ಕಾರ್ಡಿಗೆ ಬೇಕಾದ ಕರೆಂಟಿನ ಬಹುಪಾಲು ಹೋಗುವುದು ಇಲ್ಲಿಂದ. ಆಚೆಗಿನ ಉದ್ದ ಭಾಗದಲ್ಲಿ ಡೇಟಾ. ಕಾರ್ಡಿನ ಚಿನ್ನದ ಲೇಪದ ಹಲ್ಲುಗಳಲ್ಲಿ ಒಂದೆರಡು ಉಳಿದವಕ್ಕಿಂತ ಗಿಡ್ಡ. ಕೂರಿಸುವಾಗ ಅವು ಕೊನೆಗೆ ತಾಗುತ್ತವೆ. ಅವು ತಾಗಿದರೆ ಕಾರ್ಡ್ ಪೂರ್ತಿ ಕೂತಿದೆ ಎಂದು ಬೋರ್ಡಿಗೆ ಗೊತ್ತಾಗುತ್ತದೆ.

10
ಅಂಗಡಿಯವರು ಕಾರ್ಡನ್ನು ತೆಗೆದು ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಉಜ್ಜಿದರು, ಸ್ಕೂಲ್ ಮಕ್ಕಳ ಪೆನ್ಸಿಲ್ ರಬ್ಬರ್. ರ‍್ಯಾಮನ್ನೂ ಉಜ್ಜಿದರು. ಹೊಸ ಕಾರ್ಡಿಗೆ ಯಾಕೆ ಎಂದು ಹುಡುಗ ಕೇಳಲಿಲ್ಲ. ಬೂದು ಪುಡಿ ಉದುರಿತು. ಉಫ್ ಎಂದು ಊದಿದರು.

11
ಕ್ಯಾಬಿನೆಟ್ಟಿನ ತಳದಲ್ಲಿ ಧೂಳು. ಕೆಂಪಲ್ಲ, ಕಪ್ಪು. ಬೆರಳಿಗೆ ಅಂಟುತ್ತದೆ.

12
ಇಲ್ಲಿಗೆ ಹತ್ತಿರದ ಒಂದು ಜಂಕ್ಷನ್ನಿನ ಹೆಸರು ಗ್ರಾಫೈಟ್ ಇಂಡಿಯಾ. ಆ ಹೆಸರಿನ ಕಾರ್ಖಾನೆ ಗ್ರಾಫೈಟ್ ಎಲೆಕ್ಟ್ರೋಡ್ ಮಾಡುತ್ತಿತ್ತು. ಸುತ್ತಲಿನ ಮನೆಗಳವರು ಕಪ್ಪು ಧೂಳಿನ ಬಗ್ಗೆ ವರ್ಷಗಟ್ಟಲೆ ದೂರು ಕೊಟ್ಟರು. 2019ರಲ್ಲಿ ಕಾರ್ಖಾನೆ ಮುಚ್ಚಿತು. ಕಂಡಕ್ಟರ್ ಈಗಲೂ "ಗ್ರಾಫೈಟ್, ಗ್ರಾಫೈಟ್" ಎಂದು ಕೂಗುತ್ತಾರೆ. ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುತ್ತದೆ.

13
ಹುಡುಗ ಹೇಳಿದ್ದು: ರೂಮಿನಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ. ಅಂಗಡಿಯಲ್ಲಿ ಮುಟ್ಟಿದರೆ ಏನೂ ಇಲ್ಲ.

14
ಅದರ ಕಾರಣ ಕೇಳಿ ಬರೆದುಕೊಂಡೆ. ಯಂತ್ರಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್, ನ್ಯೂಟ್ರಲ್ಲಿನಿಂದ ಬಾಡಿಗೆ ಇನ್ನೊಂದು. ಅರ್ತಿಂಗ್ ಇದ್ದರೆ ಆ ಅಲ್ಪ ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಬಾಡಿ ನಡುವೆ ನಿಲ್ಲುತ್ತದೆ: 230ರ ಅರ್ಧ, ಸುಮಾರು 115 ವೋಲ್ಟ್. ಕರೆಂಟ್ ಬಹಳ ಕಡಿಮೆ, ಆದರೆ ಬರಿಗಾಲಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ಪಿಜಿ ರೂಮಿನ ಸಾಕೆಟ್ಟಿನಲ್ಲಿ ಮೂರು ತೂತು ಇದೆ. ಮೂರನೆಯದರ ಹಿಂದೆ ತಂತಿ ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ.

15
ಅಂಗಡಿಯವರು ಕಾರ್ಡ್ ಕೊಳ್ಳಲು ಬಂದವರನ್ನು ಯಾವ ಗೇಮ್, ಯಾವ ಸಾಫ್ಟ್‌ವೇರ್ ಎಂದು ಕೇಳುವುದಿಲ್ಲ. ಮೊದಲ ಪ್ರಶ್ನೆ: "ಎಸ್‌ಎಂಪಿಎಸ್ ಎಷ್ಟು ವಾಟ್?" ಎರಡನೆಯದು: "ಕ್ಯಾಬಿನೆಟ್ ಫೋಟೋ ಇದೆಯಾ?"

16
ಈ ಯಂತ್ರದ ಎಸ್‌ಎಂಪಿಎಸ್ 275 ವಾಟ್. ಪ್ರೊಸೆಸರ್ ಮೂರನೇ ತಲೆಮಾರಿನ ಕೋರ್ ಐ5, 77 ವಾಟ್. ಸ್ಲಾಟ್ ಹೆಚ್ಚೆಂದರೆ 75 ವಾಟ್ ಕೊಡುತ್ತದೆ: 12 ವೋಲ್ಟಿನಲ್ಲಿ 66, ಉಳಿದದ್ದು 3.3 ವೋಲ್ಟಿನಲ್ಲಿ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಬೇಕು. ಆರು ಪಿನ್ನಿನದು 75 ವಾಟಿಗೆ, ಎಂಟು ಪಿನ್ನಿನದು 150ಕ್ಕೆ. ಈ ಎಸ್‌ಎಂಪಿಎಸ್‌ನಲ್ಲಿ ಅಂಥ ವೈರೇ ಇಲ್ಲ. ಹುಡುಗ ತಂದ ಕಾರ್ಡ್ ಆರ್‌ಟಿಎಕ್ಸ್ 3050, 6 ಜಿಬಿ. 70 ವಾಟ್. ವೈರ್ ಬೇಡ. ಐದು ವಾಟ್ ಉಳಿಯಿತು.

17
ಇನ್ನೊಂದು ವಿಚಿತ್ರ. ಕಾರ್ಡ್ ಶುರುವಿನಲ್ಲೇ 75 ವಾಟ್ ಎಳೆಯುವಂತಿಲ್ಲ. ಮೊದಲು 25. ಬೋರ್ಡ್ ಅದನ್ನು ಗುರುತಿಸಿ ಒಪ್ಪಿಗೆ ಕೊಟ್ಟ ಮೇಲೆ 75. ನಿಯಮದಲ್ಲಿ ಹಾಗೆ ಬರೆದಿದೆ.

18
ಗೋಡೆಗೆ ನೇತುಹಾಕಿದ ಅಡಾಪ್ಟರ್‌ಗಳಲ್ಲಿ ಒಂದು: ಒಂದು ಕಡೆ ಹಾರ್ಡ್ ಡಿಸ್ಕಿನ ಸಾಟಾ ಪವರ್, ಇನ್ನೊಂದು ಕಡೆ ಕಾರ್ಡಿನ ಆರು ಪಿನ್. ಸಾಟಾದಲ್ಲಿ 12 ವೋಲ್ಟಿನ ಪಿನ್ ಮೂರು, ಒಂದಕ್ಕೆ 1.5 ಆಂಪಿಯರ್. ಒಟ್ಟು 54 ವಾಟ್. ಆರು ಪಿನ್ನಿನ ಕಡೆಯವರು ನಂಬಿಕೊಂಡಿರುವುದು 75 ವಾಟ್. ಇದು ಬೇಡ ಎಂದು ಅಂಗಡಿಯವರು ಕೇಳಿದವರಿಗೆಲ್ಲ ಹೇಳುತ್ತಾರೆ. ಒಂದು ಕರಗಿದ ಪ್ಲಗ್ಗನ್ನು ತೋರಿಸಲಿಕ್ಕೆಂದೇ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ಎರಡು ಪಿನ್ ಒಂದಕ್ಕೊಂದು ಅಂಟಿವೆ. ಅದನ್ನು ಕೈಗೆ ತೆಗೆದುಕೊಂಡವರು ಯಾರೂ ಅಡಾಪ್ಟರ್ ಕೇಳುವುದಿಲ್ಲವಂತೆ.

19
ಈ ಸ್ಲಾಟಿನ ಕ್ರಮದ ಹೆಸರು ಪಿಸಿಐ ಎಕ್ಸ್‌ಪ್ರೆಸ್. ಅದರಲ್ಲಿ ಡೇಟಾ ಓಡಾಡುವ ಹದಿನಾರು ಲೇನ್. ಕಾರ್ಡ್ ಬಳಸುವುದು ಎಂಟು. ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕನೇ ಆವೃತ್ತಿಯದು, ಬೋರ್ಡ್ ಮೂರನೆಯದು. ಎರಡೂ ಸೇರಿದಾಗ ಕಡಿಮೆಯ ವೇಗಕ್ಕೆ ಒಪ್ಪಿಕೊಳ್ಳುತ್ತವೆ: ಸೆಕೆಂಡಿಗೆ ಸುಮಾರು 8 ಜಿಬಿ. ಕಾರ್ಡಿನ ಶಕ್ತಿ ಅದರ ಎರಡರಷ್ಟು. ಬ್ಲೆಂಡರಿನ ರೆಂಡರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ದೃಶ್ಯ ಒಮ್ಮೆ ಕಾರ್ಡಿನ ಮೆಮೊರಿಗೆ ಹೋದರೆ ಲೆಕ್ಕವೆಲ್ಲ ಅಲ್ಲೇ ನಡೆಯುತ್ತದೆ.

20
2003ರಲ್ಲಿ ಬಂದ ಮೊದಲ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೂ ಇವತ್ತಿನ ಕಾರ್ಡಿಗೂ ಆಕಾರ ಒಂದೇ. ಅದಕ್ಕೂ ಮುಂಚಿನ ಎಜಿಪಿ ಸ್ಲಾಟಿನಲ್ಲಿ ಹಾಗಿರಲಿಲ್ಲ. 3.3 ವೋಲ್ಟಿನ ಕಾರ್ಡಿಗೆ ಕಚ್ಚು ಒಂದು ಕಡೆ, 1.5 ವೋಲ್ಟಿನದಕ್ಕೆ ಇನ್ನೊಂದು ಕಡೆ. ಹೊಂದದಿದ್ದರೆ ಕಾರ್ಡ್ ಒಳಗೇ ಹೋಗುತ್ತಿರಲಿಲ್ಲ. ಈಗ ಒಳಗೆ ಹೋಗುತ್ತದೆ. ತೊಡಕು ಕಾಣಿಸುವುದು ಆಮೇಲೆ.

21
ಮುಖ್ಯ ತೊಡಕು ಬಯಾಸ್, ಬೋರ್ಡನ್ನು ಎಬ್ಬಿಸುವ ಪ್ರೋಗ್ರಾಂ. ಸ್ವಿಚ್ ಹಾಕಿದ ಮೇಲೆ, ವಿಂಡೋಸ್ ಬರುವುದಕ್ಕೆ ಮುಂಚೆ, ಡಿಸ್ಪ್ಲೇ ಹೊತ್ತಿಸುವ ಒಂದು ಸಣ್ಣ ಪ್ರೋಗ್ರಾಂ ಕಾರ್ಡಿನ ಮೇಲಿನ ಚಿಪ್ಪಿನಲ್ಲೇ ಇರುತ್ತದೆ. ಬೋರ್ಡ್ ಅದನ್ನು ಓದಿ ನಡೆಸಬೇಕು. ಹಳೆಯ ಬಯಾಸ್ ಓದುವ ಕ್ರಮ ಒಂದು, ಅದರ ಜಾಗಕ್ಕೆ ಬಂದ ಯುಇಎಫ್‌ಐ ಓದುವ ಕ್ರಮ ಇನ್ನೊಂದು. 2012ರ ಸುಮಾರಿನ ಬೋರ್ಡುಗಳು ಇವೆರಡರ ನಡುವೆ ಹುಟ್ಟಿದವು. ಎರಡೂ ಇವೆ, ಎರಡೂ ಅರ್ಧಂಬರ್ಧ. ಬೋರ್ಡ್ ಮಾಡಿದವರು ಆಮೇಲೆ ತಿದ್ದಿದ ಆವೃತ್ತಿಗಳನ್ನು ಕೊಟ್ಟಿರುತ್ತಾರೆ. ಈ ಯಂತ್ರಕ್ಕೆ ಯಾರೂ ಹಾಕಿರಲಿಲ್ಲ. ಆಫೀಸಿನಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ.

22
ಕಾರ್ಡ್ ಕೆಲಸ ಮಾಡಬೇಕಾದರೆ ಮೊದಲು ಕಾರ್ಡನ್ನು ತೆಗೆಯಬೇಕು.

23
ತೆಗೆದರು. ಕೇಬಲನ್ನು ಮತ್ತೆ ನೀಲಿ ಪೋರ್ಟಿಗೆ ಹಾಕಿದರು. ಡಿಸ್ಪ್ಲೇ ಬಂತು. ಮೂಲೆಯ ತಾರೀಖು: ಜನವರಿ 1, 2012. ಬೋರ್ಡಿನ ಮೇಲಿನ ಬಟನ್ ಸೆಲ್ ಸತ್ತಿತ್ತು. ಸಿಆರ್ 2032: ಅಗಲ 20 ಮಿಲಿಮೀಟರ್, ದಪ್ಪ 3.2. ಅಳತೆಯೇ ಅದರ ನಂಬರ್. ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ.

24
ತಾರೀಖು ತಪ್ಪಿದ್ದರೆ ಬ್ರೌಸರ್ ಬಹುಪಾಲು ಸೈಟುಗಳನ್ನು ತೆರೆಯುವುದಿಲ್ಲ. ಸೈಟಿನ ಸರ್ಟಿಫಿಕೇಟ್ ಶುರುವಾಗುವ ದಿನ ಇನ್ನೂ ಬಂದಿಲ್ಲ ಎಂದು ಅದು ತಿಳಿಯುತ್ತದೆ. ಬಯಾಸ್ ಡೌನ್‌ಲೋಡ್ ಮಾಡಲು ಸೈಟ್ ಬೇಕು, ಸೈಟಿಗೆ ತಾರೀಖು ಬೇಕು, ತಾರೀಖು ನಿಲ್ಲಲು ಸೆಲ್ ಬೇಕು. ಹುಡುಗ ಸೆಲ್ ತರಲು ಗೇಟಿನ ಕಡೆಗೆ ಹೋದ.

25
ಅವನು ಬರುವ ತನಕ ಅಂಗಡಿಯವರು ತೋರಿಸಿದ್ದು: ಬಯಾಸ್ ಚಿಪ್. ಎಂಟು ಕಾಲು, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ. ಆಗ ಸಿಎಚ್ 341ಎ ಎಂಬ ಯುಎಸ್‌ಬಿ ಪ್ರೋಗ್ರಾಮರನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಎಂಟು ಹಲ್ಲಿನ ಕ್ಲಿಪ್ಪಿನಿಂದ ಚಿಪ್ಪನ್ನು ಕಚ್ಚಿಸಿ, ನೇರವಾಗಿ ಬರೆಯುತ್ತಾರೆ. ಅದು ಅವರ ಜೇಬಿನಲ್ಲೇ ಇತ್ತು. ಹುಡುಗ ಸೆಲ್ ತಂದ ಮೇಲೆ ತಾರೀಖು ಸರಿಮಾಡಿ, ಯಂತ್ರವನ್ನು ಯುಪಿಎಸ್‌ಗೆ ಹಾಕಿ ಆಮೇಲೆ ಅಪ್‌ಡೇಟ್ ಒತ್ತಿದರು. ಪಟ್ಟಿ ತುಂಬುವ ತನಕ ಇಬ್ಬರೂ ಮಾತಾಡಲಿಲ್ಲ.

26
ಈ ಕಾರ್ಡಿನ ಚಿಪ್ಪನ್ನು ಅಚ್ಚು ಹಾಕಿದ್ದು ಸ್ಯಾಮ್‌ಸಂಗ್, 8 ನ್ಯಾನೊಮೀಟರ್ ಕ್ರಮದಲ್ಲಿ. ಡಬ್ಬಿಯ ಮೇಲೆ ಚೀನಾದಲ್ಲಿ ತಯಾರಾದದ್ದು ಎಂದಿದೆ. ಚಿಪ್ ವಿನ್ಯಾಸ ಮಾಡುವ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಈ ಊರಿನಲ್ಲೇ ತೆರೆಯಿತು. ಅಂಗಡಿಯ ಮುಂದೆ ಕೊರಳಲ್ಲಿ ಟ್ಯಾಗ್ ಹಾಕಿಕೊಂಡವರು ಚಾರ್ಜರ್ ಕೇಳಲು ನಿಲ್ಲುತ್ತಾರೆ.

27
ಹುಡುಗ ಕಾರ್ಡ್ ತಂದದ್ದು ಎಸ್.ಪಿ. ರಸ್ತೆಯಿಂದ. ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ, ಚಿಕ್ಕಪೇಟೆಯಲ್ಲಿ ಇಳಿದು ನಡಿಗೆ. ಕುಂದಲಹಳ್ಳಿ ನಿಲ್ದಾಣ ಇರುವ ವೈಟ್‌ಫೀಲ್ಡ್ ಮಾರ್ಗ 2023ರ ಮಾರ್ಚ್ 25ರಂದು ಉದ್ಘಾಟನೆಯಾಯಿತು. ಆಗ ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವಿನ ತುಂಡು ಸಿದ್ಧವಾಗಿರಲಿಲ್ಲ. ಎರಡೂ ಕಡೆ ಹಳಿ ಇತ್ತು, ರೈಲು ಓಡುತ್ತಿತ್ತು, ಜನ ನಡುವಿನ ದಾರಿಯನ್ನು ಬಸ್ಸಿನಲ್ಲಿ ದಾಟುತ್ತಿದ್ದರು. ಅಕ್ಟೋಬರ್ 9ರಂದು ಆ ತುಂಡು ಸೇರಿತು.

28
ಎಸ್.ಪಿ. ರಸ್ತೆಗೆ ಹೋಗುವವರಿಗೆ ಅಂಗಡಿಯವರು ಹೇಳುವ ಎಚ್ಚರಿಕೆ: ಜಿಟಿಎಕ್ಸ್ 1050 ಟಿಐ ಎಂದು ಅಗ್ಗಕ್ಕೆ ಕೊಟ್ಟರೆ ಬಿಲ್ ಕೇಳು. 2010-11ರ ಹಳೆಯ ಕಾರ್ಡಿನ ಚಿಪ್ಪಿಗೆ ಬೇರೆ ಹೆಸರು ಬರೆದು ಮಾರುವವರು ದೇಶದೇಶಗಳಲ್ಲಿ ಇದ್ದಾರೆ. ವಿಂಡೋಸ್ ಕೂಡ ಆ ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಪುಟ್ಟ ಸಾಫ್ಟ್‌ವೇರ್ ಮಾತ್ರ ಹೆಸರಿನ ಮುಂದೆ ನಕಲಿ ಎಂದು ಬರೆಯುತ್ತದೆ.

29
ಅಂಗಡಿಯ ಕಪಾಟಿನಲ್ಲಿ ಮೈನಿಂಗ್ ಮಾಡಿ ಬಿಟ್ಟ ಕಾರ್ಡುಗಳೂ ಇವೆ. ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ಕೈಬಿಟ್ಟಿತು. ಅಲ್ಲಿಯ ತನಕ ಹಗಲು ರಾತ್ರಿ ಓಡಿದ ಕಾರ್ಡುಗಳು. ಫ್ಯಾನಿನ ಬೇರಿಂಗ್ ಸವೆದಿದೆ, ಹಲ್ಲುಗಳ ಚಿನ್ನ ಹೊಳೆಯುತ್ತಿದೆ. ಒಮ್ಮೆ ಹಾಕಿದವರು ಮತ್ತೆ ತೆಗೆದಿರಲಿಲ್ಲ.

30
ಬಹಳ ಹಿಂದೆ ಕನ್ನಡಕ್ಕೂ ಒಂದು ಕಾರ್ಡ್ ಬೇಕಿತ್ತು. ಜಿಸ್ಟ್ ಕಾರ್ಡ್. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸ, 1980ರ ದಶಕದ ಕೊನೆಗೆ ಪುಣೆಯ ಸಿ-ಡ್ಯಾಕ್‌ಗೆ ಬಂತು. ಪಿಸಿಯ ಸ್ಲಾಟಿಗೆ ಅದನ್ನು ಕೂರಿಸಿದರೆ ಇಂಗ್ಲಿಷ್ ಮಾತ್ರ ತೋರಿಸುತ್ತಿದ್ದ ಡಾಸ್ ಪರದೆಯ ಮೇಲೆ ಭಾರತದ ಲಿಪಿಗಳು ಮೂಡುತ್ತಿದ್ದವು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತ ಮೇಲಕ್ಕೂ ಪಕ್ಕಕ್ಕೂ ಹೋಗುತ್ತದೆ. ಅದನ್ನೆಲ್ಲ ಜೋಡಿಸುವ ಕೆಲಸ ಆ ಕಾರ್ಡಿನದು. ಈಗ ಅದನ್ನು ಫಾಂಟ್ ಮತ್ತು ಸಾಫ್ಟ್‌ವೇರ್ ಮಾಡುತ್ತವೆ. ಹುಡುಗನ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದೆ. ನಾನು ಜಿಸ್ಟ್ ಕಾರ್ಡಿನ ಬಗ್ಗೆ ಹೇಳಿದಾಗ, "ಕನ್ನಡಕ್ಕ ಕಾರ್ಡ್ ಏನ್ರಿ?" ಎಂದು ಎರಡು ಸಲ ಕೇಳಿದ.

31
ಬಯಾಸ್ ಹೊಸದಾಯಿತು. ಸೆಟ್ಟಿಂಗನ್ನು ಲೆಗಸಿಯಿಂದ ಯುಇಎಫ್‌ಐಗೆ ಬದಲಾಯಿಸಿದರು. ಈಗ ವಿಂಡೋಸ್ ಬರಲಿಲ್ಲ. ಡಿಸ್ಕ್ ಹಳೆಯ ಎಂಬಿಆರ್ ಕ್ರಮದಲ್ಲಿತ್ತು, ಯುಇಎಫ್‌ಐಗೆ ಬೇಕಾದದ್ದು ಜಿಪಿಟಿ. ಹಿಂದೆಯಾದರೆ ಎಲ್ಲ ಅಳಿಸಿ ಮತ್ತೆ ವಿಂಡೋಸ್ ಹಾಕುತ್ತಿದ್ದರು. 2017ರಿಂದ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಒಂದು ಸಾಲಿನ ಆದೇಶ ಇದೆ. ಫೈಲು ಹೋಗುವುದಿಲ್ಲ. ಅಂಗಡಿಯವರು ಆದರೂ ಹುಡುಗನ ಪ್ರಾಜೆಕ್ಟ್ ಫೋಲ್ಡರನ್ನು ಮೊದಲು ತಮ್ಮ ಡಿಸ್ಕಿಗೆ ಕಾಪಿ ಮಾಡಿಕೊಂಡರು. ಕೇಳದೆ ಮಾಡಿದರು. ಇಂಥವರ ಕೈಗೆ ಯಂತ್ರ ಕೊಡಬೇಕು.

32
ಕಾರ್ಡ್ ಮತ್ತೆ ಒಳಗೆ. ಅದು ಎರಡು ಸ್ಲಾಟಿನಷ್ಟು ದಪ್ಪ. ಕೆಳಗಿನ ಸಾಟಾ ಕೇಬಲ್ ಅದರ ಹೊಟ್ಟೆಗೆ ತಾಗುತ್ತಿತ್ತು. ತಲೆ ಬಗ್ಗಿದ ಇನ್ನೊಂದು ಕೇಬಲ್ ಹುಡುಕಿ ಹಾಕಿದರು. ಲಾಚ್ ಟಕ್ ಎಂದಿತು.

33
ಡಿಸ್ಪ್ಲೇ ಬಂತು. ಐಕಾನುಗಳು ದಪ್ಪ, ಅಕ್ಷರ ಮಸುಕು. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿಲ್ಲ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಎಂದಿದೆ. ಡ್ರೈವರ್ ಹಾಕಲು ಕೊಟ್ಟರು. ಅರ್ಧದಲ್ಲಿ ಪರದೆ ಪೂರ್ತಿ ಕಪ್ಪಾಯಿತು. ಹುಡುಗ ಅಂಗಡಿಯವರ ಮುಖ ನೋಡಿದ. ಅವರು ಚಹಾ ಕುಡಿಯುತ್ತಿದ್ದರು. ಪರದೆ ಮತ್ತೆ ಬಂದಾಗ ಅಕ್ಷರಗಳ ಅಂಚು ಚೂಪಾಗಿತ್ತು.

34
ಬ್ಲೆಂಡರ್ ತೆರೆದು, ರೆಂಡರ್ ಸಿಪಿಯುವಿನಿಂದ ಜಿಪಿಯುಗೆ ಬದಲಾಯಿಸಿದ. ದೃಶ್ಯದಲ್ಲಿ ಒಂದು ಹೊಲ, ಒಂದು ಟ್ರ್ಯಾಕ್ಟರ್, ಕಾಲುವೆ. ನೀರಿನ ಮೇಲಿನ ಬೆಳಕು ಚುಕ್ಕಿಚುಕ್ಕಿಯಾಗಿ ಬಂದು, ನೋಡುತ್ತಿದ್ದಂತೆ ತಿಳಿಯಾಯಿತು. ಮೊದಲು ಒಂದು ಫ್ರೇಮಿಗೆ ರೆಂಡರ್ ಹಚ್ಚಿಟ್ಟು ಊಟಕ್ಕೆ ಹೋಗಿ ಬರುತ್ತಿದ್ದನಂತೆ. ಈಗ ಕೂತಲ್ಲಿಂದ ಏಳಲಿಲ್ಲ. ನನಗೆ ನಿಜಕ್ಕೂ ಸಂತೋಷವಾಯಿತು.

35
ಇನ್ನೊಂದು ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಅದಕ್ಕೆ ಪ್ರೊಸೆಸರಿನಲ್ಲಿ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಬೇಕಂತೆ. ಇಂಟೆಲ್ ಪ್ರೊಸೆಸರುಗಳಲ್ಲಿ ಅದು ಬಂದದ್ದು 2013ರಲ್ಲಿ, ನಾಲ್ಕನೇ ತಲೆಮಾರಿನಿಂದ. ಇದು ಮೂರನೆಯದು.

36
ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಕಾರ್ಡ್‌ಗೆ ಎರಡೂ ನಡೆಯುತ್ತವೆ. ಲಿನಕ್ಸಿನಲ್ಲಿ ಈ ಪ್ರಶ್ನೆ ಬರುವುದಿಲ್ಲ. ಅಂಗಡಿಯವರು ಉಬುಂಟುವಿನ ಪೆನ್‌ಡ್ರೈವ್ ಒಂದನ್ನು ಹುಡುಗನ ಕೈಗೆ ಕೊಟ್ಟು, "ನೋಡ್ಕೊಂಡಿರು, ಬ್ಲೆಂಡರ್ ಅದರಲ್ಲೂ ಓಡುತ್ತೆ" ಎಂದರು.

37
ಡಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಇ-ತ್ಯಾಜ್ಯದ ಘಟಕ ಇದೆ. ಅಲ್ಲಿಗೆ ಹೋಗುವ ಬೋರ್ಡುಗಳಿಂದ ತಾಮ್ರ, ಚಿನ್ನ ಬೇರೆಯಾಗುತ್ತವೆ. ಈ ಯಂತ್ರ ಸದ್ಯಕ್ಕೆ ಅಲ್ಲಿಗೆ ಹೋಗುವುದಿಲ್ಲ.

38
ಹುಡುಗ ಹೊರಡುವ ಹೊತ್ತಿಗೆ ಪೀಣ್ಯದಿಂದ ಒಬ್ಬರು ಬಂದರು. ವರ್ಕ್‌ಶಾಪಿನವರು, ಬಿಳಿ ಅಂಗಿಯ ತೋಳಿಗೆ ಗ್ರೀಸ್. ಚೀಲದಿಂದ ಒಂದು ಉದ್ದ ಕಾರ್ಡ್ ತೆಗೆದರು. ಅವರ ಯಂತ್ರವನ್ನು ನಡೆಸುವ ಕಾರ್ಡ್. ಕಾರ್ಡ್ ಚೆನ್ನಾಗಿದೆ, ಅದು ಕೂತಿದ್ದ ಕಂಪ್ಯೂಟರಿನ ಬೋರ್ಡ್ ಹೋಗಿದೆ. ಕಾರ್ಡಿಗೆ ಬೇಕಾದದ್ದು ಐಎಸ್‌ಎ ಸ್ಲಾಟ್. ಇವತ್ತಿನ ಅಂಗಡಿ ಬೋರ್ಡುಗಳಲ್ಲಿ ಅದು ಇಲ್ಲ.

39
"ಹೊಸ ಕಂಪ್ಯೂಟರೇ ತಗೊಳ್ಳಿ ಅಂತಾರೆ ಎಲ್ರೂ. ಹೊಸದಕ್ಕೆ ಇದನ್ನ ಎಲ್ಲಿ ಹಾಕ್ಲಿ ಸಾರ್?"
"ಇಂಡಸ್ಟ್ರಿಯಲ್ ಬೋರ್ಡ್ ಬರುತ್ತೆ, ಐಎಸ್‌ಎ ಇರೋದು. ಹುಡುಕಿ ಹೇಳ್ತೀನಿ. ಹೊಸ ಕಂಪ್ಯೂಟರ್‌ಗಿಂತ ಜಾಸ್ತಿ ಆಗುತ್ತೆ."
"ಆಗ್ಲಿ."